ಕಾನೂನು ಬೆಳೆಸಿದ ಅಸಹನೆ

ರಷ್ಯಾದ ಸಂವಿಧಾನ ತನ್ನ ಪ್ರಜೆಗಳನ್ನು ಬಹುಜನಾಂಗೀಯ ಜನತೆ ಎಂದು ಕರೆದು ಆರಂಭವಾಗುತ್ತದೆ. ಆ ದೇಶದಲ್ಲಿ 190ಕ್ಕೂ ಹೆಚ್ಚು ಜನಾಂಗಗಳಿವೆ. ಹೀಗಿದ್ದೂ ಮಾಸ್ಕೋದ ಬಾಡಿಗೆ ಮನೆಗಳ ಜಾಹೀರಾತುಗಳಲ್ಲಿ ‘ಸ್ಲಾವ್ ಜನರಿಗೆ ಮಾತ್ರ’ ಎಂಬ ಷರತ್ತು ಮುಚ್ಚುಮರೆಯಿಲ್ಲದೆ ಕಾಣಿಸಿಕೊಳ್ಳುತ್ತ ಬಂದಿದೆ. ಇದು ರಷ್ಯನ್ನರ ಹುಟ್ಟುಗುಣ ಎನ್ನುವ ಹೊರಗಿನವರಿದ್ದಾರೆ. ಅಲ್ಲಿನ ಅಧಿಕಾರಸ್ಥರೂ ಬಗೆಬಗೆಯ ಅಸಹನೆಯನ್ನು ‘ಸಾಂಪ್ರದಾಯಿಕ ಮೌಲ್ಯ’ವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಎರಡು ಮಾತೂ ತಪ್ಪು. ಪೂರ್ವಗ್ರಹ ಸಮಾಜದಲ್ಲಿ ಇದ್ದದ್ದು ನಿಜ. ಆದರೆ ಅದು ಏರಿದ್ದೂ ಇಳಿದದ್ದೂ ಬಹುಮಟ್ಟಿಗೆ ಪ್ರಭುತ್ವದ ನಡೆಯನ್ನು ಅನುಸರಿಸಿ.

ಸೋವಿಯತ್ ಆಡಳಿತ ಜನಾಂಗಗಳ ಸ್ನೇಹವನ್ನು ಸಾರುತ್ತಲೇ ಪ್ರತಿಯೊಬ್ಬರ ಗುರುತಿನ ಪತ್ರದಲ್ಲೂ ಜನಾಂಗವನ್ನು ನಮೂದಿಸುತ್ತಿತ್ತು. 1944ರಲ್ಲಿ ಚೆಚೆನ್ನರನ್ನೂ ಕ್ರಿಮಿಯಾದ ತಾತಾರರನ್ನೂ ಇಡಿಯಾಗಿ ಗಡೀಪಾರು ಮಾಡಿತು. 1991ರಲ್ಲಿ ಒಕ್ಕೂಟ ಒಡೆದ ಮೇಲೆ ಬಡತನ, ಚೆಚೆನ್ಯಾದ ಯುದ್ಧ, ಕಾಕಸಸ್ ಮತ್ತು ಮಧ್ಯ ಏಷ್ಯಾದಿಂದ ಬಂದ ವಲಸಿಗರ ಮೇಲಿನ ಸಂಶಯ ಒಂದಕ್ಕೊಂದು ಬೆರೆತವು. 2001ರ ಅಕ್ಟೋಬರ್‌ನಲ್ಲಿ ಮಾಸ್ಕೋದ ತ್ಸರಿತ್ಸಿನೊ ಮಾರುಕಟ್ಟೆಯ ಬಳಿ ಯುವಕರ ಗುಂಪೊಂದು ಹೊರನಾಡಿನವರಂತೆ ಕಂಡವರನ್ನೆಲ್ಲ ಥಳಿಸಿ ಮೂವರನ್ನು ಕೊಂದಿತು. ಇಂಥ ದಾಳಿಗಳ ಮೇಲೆ ನಿಗಾ ಇಡುತ್ತಿದ್ದ ಸೋವಾ ಕೇಂದ್ರದ ದಾಖಲೆಯಂತೆ 2008ರಲ್ಲಿ ಜನಾಂಗದ್ವೇಷದ ದಾಳಿಗಳಿಗೆ ನೂರಕ್ಕೂ ಹೆಚ್ಚು ಮಂದಿ ಬಲಿಯಾದರು. ಪೊಲೀಸರು ಮತ್ತು ನ್ಯಾಯಾಲಯಗಳು ನವನಾಜಿ ಗುಂಪುಗಳ ಬೆನ್ನುಹತ್ತಿದ ಮೇಲೆ ಈ ಕೊಲೆಗಳು ಗಣನೀಯವಾಗಿ ಇಳಿದವು. ಜನರ ಮನಸ್ಸು ಅಷ್ಟು ಬೇಗ ಬದಲಾಗಿರಲಿಲ್ಲ. ಬದಲಾದದ್ದು ಶಿಕ್ಷೆಯ ಭಯ.

ಆ ಕಾಲದಲ್ಲೇ, 2002ರಲ್ಲಿ, ತೀವ್ರವಾದವನ್ನು ತಡೆಯುವ ಕಾನೂನು ಜಾರಿಗೆ ಬಂದಿತ್ತು. ಅದರ ವ್ಯಾಖ್ಯೆ ಎಷ್ಟು ಸಡಿಲವೆಂದರೆ, ತನ್ನ ಧರ್ಮವೇ ಶ್ರೇಷ್ಠ ಎಂದು ಪ್ರಚಾರ ಮಾಡಿದರೂ ತೀವ್ರವಾದವಾಗುತ್ತದೆ. ಹಾಗೆ ನೋಡಿದರೆ ಯಾವ ಧರ್ಮಗ್ರಂಥ ತಾನೇ ಪಾರಾದೀತು? ಸೈಬೀರಿಯಾದ ತೋಮ್ಸ್ಕ್ ನಗರದ ಸರ್ಕಾರಿ ವಕೀಲರು ಇಸ್ಕಾನ್ ಪ್ರಕಟಿಸಿದ ಭಗವದ್ಗೀತೆಯ ವ್ಯಾಖ್ಯಾನವನ್ನು ನಿಷೇಧಿಸಬೇಕೆಂದು ಮೊಕದ್ದಮೆ ಹೂಡಿದರು. ಭಾರತದ ಸಂಸತ್ತಿನಲ್ಲಿ ಕೋಲಾಹಲವೆದ್ದಿತು. 2011ರ ಡಿಸೆಂಬರ್ 28ರಂದು ನ್ಯಾಯಾಲಯ ಆ ಬೇಡಿಕೆಯನ್ನು ತಳ್ಳಿಹಾಕಿತು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಆ ಅದೃಷ್ಟ ಒದಗಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಆ ಪಂಥದ ಸಂಘಟನೆಯನ್ನೇ ನಿಷೇಧಿಸಿತು. ಆಯುಧ ಹಿಡಿಯುವುದಿಲ್ಲ ಎಂಬುದನ್ನು ವ್ರತದಂತೆ ಪಾಲಿಸುವ ಜನ ಮನೆಯಲ್ಲಿ ಪ್ರಾರ್ಥನೆ ನಡೆಸಿದ್ದಕ್ಕೆ ಸೆರೆಮನೆ ಸೇರಿದರು. 2015ರ ತಿದ್ದುಪಡಿಯೊಂದು ಬೈಬಲ್, ಕುರಾನ್, ಯಹೂದಿಗಳ ತನಖ್ ಮತ್ತು ಬೌದ್ಧರ ಕಾಂಗ್ಯುರ್‌ಗೆ ರಕ್ಷಣೆ ಕೊಟ್ಟಿದೆ. ಗೀತೆ ಆ ಪಟ್ಟಿಯಲ್ಲಿಲ್ಲ.

ಸಲಿಂಗಿಗಳ ವಿಷಯದಲ್ಲಿ ಪರಂಪರೆಯ ವಾದ ಇನ್ನೂ ದುರ್ಬಲ. 1922ರ ಸೋವಿಯತ್ ದಂಡಸಂಹಿತೆಯಲ್ಲಿ ಸಲಿಂಗ ಸಂಬಂಧ ಅಪರಾಧವೇ ಆಗಿರಲಿಲ್ಲ. ಸ್ಟಾಲಿನ್ ಕಾಲದಲ್ಲಿ ಪುರುಷರ ಮಟ್ಟಿಗೆ ಅಪರಾಧವಾದ ಅದು 1993ರಲ್ಲಿ ಆ ಕಳಂಕದಿಂದ ಬಿಡುಗಡೆ ಪಡೆಯಿತು. 2013ರಲ್ಲಿ ಮಕ್ಕಳ ರಕ್ಷಣೆಯ ನೆಪದಲ್ಲಿ ‘ಸಾಂಪ್ರದಾಯಿಕವಲ್ಲದ ಸಂಬಂಧ’ಗಳ ಪ್ರಚಾರಕ್ಕೆ ನಿಷೇಧ ಬಂತು, 2022ರಲ್ಲಿ ಅದು ಎಲ್ಲ ವಯಸ್ಸಿನವರಿಗೂ ವಿಸ್ತರಿಸಿತು. ಲೆವಾಡಾ ಕೇಂದ್ರದ ಸಮೀಕ್ಷೆಯಲ್ಲಿ ಸಲಿಂಗಿಗಳಿಗೆ ಸಮಾನ ಹಕ್ಕು ಬೇಕೆಂದವರು 2019ರಲ್ಲಿ ಶೇ. 47, 2021ರಲ್ಲಿ ಶೇ. 33. ನಡುವೆ, 2020ರಲ್ಲಿ, ಮದುವೆ ಎಂದರೆ ಗಂಡು–ಹೆಣ್ಣಿನ ಬೆಸುಗೆ ಎಂದು ಸಂವಿಧಾನಕ್ಕೆ ಸೇರಿಸುವ ಭಾರಿ ಪ್ರಚಾರ ನಡೆದಿತ್ತು. ಇಳಿತಕ್ಕೆ ಅದೊಂದೇ ಕಾರಣ ಎನ್ನಲಾಗದು. ಆದರೆ ಎರಡೇ ವರ್ಷಗಳಲ್ಲಿ ಇಷ್ಟು ಹೊಯ್ದಾಡುವುದು ಹುಟ್ಟುಗುಣವಾಗಿರಲಾರದು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಯಾವ ಕಚೇರಿಯೂ ಸದಸ್ಯತ್ವವೂ ಇಲ್ಲದ ‘ಅಂತರರಾಷ್ಟ್ರೀಯ ಎಲ್‌ಜಿಬಿಟಿ ಚಳವಳಿ’ಯನ್ನು ತೀವ್ರವಾದಿ ಎಂದು ಘೋಷಿಸಿತು. ಕಾಮನಬಿಲ್ಲಿನ ಬಣ್ಣದ ಓಲೆ ಹಾಕಿಕೊಂಡಿದ್ದ ಮಹಿಳೆಯೊಬ್ಬರಿಗೆ ನಿಜ್ನಿ ನೊವ್‌ಗೊರೊದ್‌ನಲ್ಲಿ ಐದು ದಿನಗಳ ಸೆರೆಯಾಯಿತು. ಇದೇ ಪ್ರಭುತ್ವ 2017ರಲ್ಲಿ, ಮೂಳೆ ಮುರಿಯದಂಥ ಮೊದಲ ಬಾರಿಯ ಕೌಟುಂಬಿಕ ಹೊಡೆತವನ್ನು ದಂಡಸಂಹಿತೆಯಿಂದಲೇ ಕೈಬಿಟ್ಟಿತ್ತು. ಯಾರನ್ನು ಅಪಾಯಕಾರಿ ಎಂದು ಅದು ಬಗೆಯುತ್ತದೆ ಎಂಬುದು ಇಲ್ಲಿ ಸ್ಪಷ್ಟ.

ಉಕ್ರೇನ್ ಮೇಲಿನ ಯುದ್ಧ ಆರಂಭವಾದ ಮೇಲೆ ಎದುರು ಮಾತನಾಡುವ ಸಂಸ್ಥೆಗಳೂ ಉಳಿಯಲಿಲ್ಲ. ಜನಾಂಗದ್ವೇಷದ ಲೆಕ್ಕವಿಡುತ್ತಿದ್ದ ಸೋವಾ ಕೇಂದ್ರವನ್ನೇ ಮುಚ್ಚಲು 2023ರಲ್ಲಿ ಮಾಸ್ಕೋ ನ್ಯಾಯಾಲಯ ಆದೇಶಿಸಿತು. 2024ರ ಮಾರ್ಚ್ 22ರಂದು ಮಾಸ್ಕೋ ಬಳಿಯ ಕ್ರೋಕಸ್ ಸಭಾಂಗಣದ ಮೇಲೆ ನಡೆದ ಭಯೋತ್ಪಾದಕ ದಾಳಿಯಲ್ಲಿ 140ಕ್ಕೂ ಹೆಚ್ಚು ಜನ ಸತ್ತರು. ದಾಳಿಕೋರರು ತಜಿಕಿಸ್ತಾನದವರಾಗಿದ್ದರಿಂದ ಕಟ್ಟಡ ಕಟ್ಟುವ, ಬೀದಿ ಗುಡಿಸುವ, ಟ್ಯಾಕ್ಸಿ ಓಡಿಸುವ ತಜಿಕರೆಲ್ಲ ಸಂಶಯದ ಕಣ್ಣಿಗೆ ಬಿದ್ದರು. ಇಂಥ ಹೊತ್ತಿನಲ್ಲಿ ಸರ್ಕಾರ ಆ ಕೋಪವನ್ನು ತಣಿಸಬಹುದಿತ್ತು. ತಣಿಸುವ ಬದಲು ಅದು ಕೋಪಕ್ಕೆ ಕಾನೂನಿನ ರೂಪ ಕೊಟ್ಟಿತು. 2025ರ ಏಪ್ರಿಲ್ 1ರಿಂದ, ರಷ್ಯನ್ ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದ ವಲಸಿಗರ ಮಕ್ಕಳಿಗೆ ಶಾಲೆಯಲ್ಲಿ ಪ್ರವೇಶವಿಲ್ಲ. ಭಾಷೆ ಕಲಿಯಬೇಕಾದ ಮಗುವನ್ನು ಕಲಿಯುವ ಜಾಗದಿಂದಲೇ ಹೊರಗಿಡುವ ಈ ನಿಯಮ ಯಾವ ಪರಂಪರೆಯಿಂದಲೂ ಬಂದದ್ದಲ್ಲ; ಅದು ಸಂಸತ್ತು ತಿಳಿದೂ ತಿಳಿದೂ ಎಸಗಿದ ಅನ್ಯಾಯ.