ಗಿಡ ನೆಡುವ ಮುನ್ನ ನೀರಿನ ದಾರಿ ನೋಡೋಣ

ನಾಲ್ಕು ಗಿಡ ನೆಟ್ಟು, ಫೋಟೋ ತೆಗೆಸಿಕೊಂಡು ಬಂದ್ರೆ ಪರಿಸರ ಉಳೀತು ಅಂತ ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಂಬಿಬಿಟ್ಟಿದ್ದೇವೆ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯಲ್ಲಿ ಈ ಲೆಕ್ಕ ನಡೆಯೋದಿಲ್ಲ.

ಅಲ್ಲಿನ ಕಾಂಡ್ಲಾ ಕಾಡು ಬದುಕಿರೋದೇ ಉಬ್ಬರ-ಇಳಿತದ ಮೇಲೆ. ಅದರ ಬೇರುಗಳು ಅಲೆಯ ಹೊಡೆತ ತಗ್ಗಿಸಿ ಗಜನಿ ಗದ್ದೆಗಳ ಕಟ್ಟೆ ಕಾಯುತ್ತವೆ. ಕಟ್ಟೆಯೊಳಗೆ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತೆ. ಮೀನು, ಸಿಗಡಿಯ ಮರಿಗಳಿಗೂ ಅದೇ ಬೇರುಗಳ ಆಸರೆ. ಹಾಗಂತ ಎದುರಿನ ಕೆಸರು ಬಯಲು ಖಾಲಿ ಜಾಗವಲ್ಲ. ಇಳಿತದ ಹೊತ್ತಿನಲ್ಲಿ ಅಲ್ಲಿ ಬಳಚು ಹೆಕ್ಕಿ ಎಷ್ಟೋ ಮನೆಗಳು ನಡೆಯುತ್ತವೆ. ಸಸಿಗಳ ಸಂಖ್ಯೆ ಹೆಚ್ಚಿಸೋಕೆ ಅಲ್ಲೇ ಸಾಲಾಗಿ ನೆಟ್ಟರೆ ಅವರ ಅನ್ನಕ್ಕೆ ಕಲ್ಲು ಹಾಕಿದಂತೆ.

2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಖುಷಿಯ ವಿಷಯವೇ. ಆದರೆ ರಸ್ತೆಗೆ ಮಣ್ಣು ತುಂಬಿ, ಮೋರಿ ಚಿಕ್ಕದು ಮಾಡಿ ಉಬ್ಬರದ ನೀರು ತಡೆದರೆ, ಯಾವ ಪಟ್ಟಿಯಲ್ಲಿದ್ದರೂ ಕಾಂಡ್ಲಾ ಸಾಯುತ್ತೆ. ನಾಳೆ ಅಂಥ ಮೋರಿಯ ಡ್ರಾಯಿಂಗ್ ಮಾಡೋರು ನಾವೇ ತಾನೆ? ನೀರು ಸರಾಗವಾಗಿ ಬಂದುಹೋದರೆ, ಹತ್ತಿರದ ಮರಗಳ ಬೀಜ ತೇಲಿಬಂದು ಎಷ್ಟೋ ಕಡೆ ತಾನೇ ಬೇರೂರುತ್ತೆ.

ಹಾಗಾಗಿ ಕರಾವಳಿಗೆ ಸಸಿ ಹೊತ್ತು ಹೊರಡೋ ಮೊದಲು, ಬಳಚು ಹೆಕ್ಕೋ ಹೆಂಗಸರನ್ನು, ಗಜನಿ ರೈತರನ್ನು ಕೇಳೋಣ: ನೀರು ಎಲ್ಲಿ ಹರೀತಿತ್ತು, ಈಗ ಎಲ್ಲಿ ನಿಂತಿದೆ? ಆಮೇಲೆ ಸರ್ವೆ ಲ್ಯಾಬಿನ ಲೆವೆಲ್ ಹಿಡಿದು ಅಳೆಯೋಣ. ಗಿಡ ನೆಡೋದು ಕೊನೆಗೆ, ಅದೂ ಬೇಕಾದರೆ ಮಾತ್ರ.