ನಗಿಸುವವನ ಕೈಗೆ ‘ಸ್ಟಾರ್ ವಾರ್ಸ್’ ಕೊಡಬಹುದೇ?

2020ರ ಮೇ 4ರಂದು ಡಿಸ್ನಿ ಒಂದು ಪ್ರಕಟಣೆ ಹೊರಡಿಸಿತು. ಮುಂದೆ ಬರಲಿರುವ ‘ಸ್ಟಾರ್ ವಾರ್ಸ್’ ಚಿತ್ರಗಳಲ್ಲಿ ಒಂದನ್ನು ನ್ಯೂಜಿಲೆಂಡಿನ ಟೈಕಾ ವೈಟಿಟಿ ನಿರ್ದೇಶಿಸುತ್ತಾರೆ ಎಂಬುದು ಅದರ ಸಾರಾಂಶ. ವೈಟಿಟಿ ಎಂದರೆ ರಕ್ತಪಿಶಾಚಿಗಳು ಮನೆ ಬಾಡಿಗೆಗೆ ಹಿಡಿದು ಪಾತ್ರೆ ತೊಳೆಯುವ ಸರದಿಗಾಗಿ ಜಗಳವಾಡುವ ಸಿನಿಮಾ ಮಾಡಿದವರು. ಹಿಟ್ಲರನನ್ನು ಒಬ್ಬ ಪುಟ್ಟ ಹುಡುಗನ ಕಲ್ಪನೆಯ ಗೆಳೆಯನನ್ನಾಗಿಸಿ, ಆ ಪಾತ್ರವನ್ನು ತಾವೇ ಮಾಡಿ, ಆ ಚಿತ್ರಕಥೆಗೆ ಆಸ್ಕರ್ ಪಡೆದವರು. ನಾನು ಇದನ್ನು ಬರೆಯುವ ಹೊತ್ತಿಗೂ ಅವರ ‘ಸ್ಟಾರ್ ವಾರ್ಸ್’ ತೆರೆಗೆ ಬಂದಿಲ್ಲ. ಆದರೆ ಅಭಿಮಾನಿಗಳ ಜಗಳ ಮಾತ್ರ ನಿಂತಿಲ್ಲ. ಇಷ್ಟು ಗಂಭೀರವಾದ, ಇಷ್ಟು ಜನ ಹಚ್ಚಿಕೊಂಡ ಕಥೆಯನ್ನು ಒಬ್ಬ ಹಾಸ್ಯದ ನಿರ್ದೇಶಕನ ಕೈಗೆ ಕೊಡುವುದು ಸರಿಯೇ?

ಚಾರ್ಮಾಡಿಯಲ್ಲಿ ಕೂತವನಿಗೆ ಗ್ಯಾಲಕ್ಸಿಯ ಚಿಂತೆ ಯಾಕೆ ಎಂದು ನೀವು ಕೇಳಬಹುದು. ನನಗೆ ಎರಡು ಕಾರಣಗಳಿವೆ. ಒಂದು, ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ, ಯಕ್ಷಗಾನ ನೋಡಿ ಬೆಳೆದವರಿಗೆ ಇದರ ಉತ್ತರ ಅರ್ಧ ಗೊತ್ತೇ ಇರುತ್ತದೆ. ಎರಡು, ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಇದು ಬರೀ ಸಿನಿಮಾದ ಪ್ರಶ್ನೆಯಲ್ಲ.

ಮೊದಲು ಆಕ್ಷೇಪವನ್ನು ನ್ಯಾಯವಾಗಿಯೇ ನೋಡೋಣ. ವೈಟಿಟಿ 2017ರಲ್ಲಿ ‘ಥಾರ್: ರಾಗ್ನರಾಕ್’ ಮಾಡಿದರು. ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದ ಥಾರ್ ಅಲ್ಲಿ ನಗಿಸಿದ, ಚಿತ್ರ ಸುಮಾರು 85 ಕೋಟಿ ಡಾಲರ್ ಗಳಿಸಿತು. 2022ರಲ್ಲಿ ಅದೇ ನಿರ್ದೇಶಕ, ಅದೇ ನಾಯಕನ ‘ಥಾರ್: ಲವ್ ಆ್ಯಂಡ್ ಥಂಡರ್’ ಬಂತು. ಈ ಸಲ ಮೆಚ್ಚಿದವರಿಗಿಂತ ಗೊಣಗಿದವರೇ ಹೆಚ್ಚು. ಆ ಚಿತ್ರದಲ್ಲಿ ನಾಯಕಿಗೆ ಕ್ಯಾನ್ಸರ್ ಇದೆ, ಮಗಳನ್ನು ಕಳೆದುಕೊಂಡ ತಂದೆಯೊಬ್ಬ ದೇವರುಗಳನ್ನೇ ಕೊಲ್ಲಲು ಹೊರಟಿದ್ದಾನೆ. ಇಂಥ ಕಥೆಯ ಪಕ್ಕದಲ್ಲೇ ಕಿರುಚುವ ಆಡುಗಳ ಜೋಕ್ ಬರುತ್ತಲೇ ಇರುತ್ತದೆ. ಅಳು ಬರಬೇಕಾದಲ್ಲಿ ಅಳು ಬರುವುದಿಲ್ಲ, ಸ್ವಲ್ಪ ಹೊತ್ತಿಗೆ ನಗುವೂ ಬರುವುದಿಲ್ಲ. ಹಾಗಾಗಿ ‘ಸ್ಟಾರ್ ವಾರ್ಸ್’ ಅಭಿಮಾನಿಗಳ ಹೆದರಿಕೆಯನ್ನು ಹುಚ್ಚು ಎಂದು ತಳ್ಳಿಹಾಕುವಂತಿಲ್ಲ.

ಆದರೆ ‘ಸ್ಟಾರ್ ವಾರ್ಸ್’ ಶುರುವಿನಿಂದಲೂ ಗಂಭೀರವಾಗಿತ್ತು ಎಂಬ ಮಾತು ಮಾತ್ರ ಸರಿಯಲ್ಲ. 1977ರ ಮೊದಲ ಚಿತ್ರ ನೆನಪಿಸಿಕೊಳ್ಳಿ. ಕಥೆಯೊಳಗೆ ನಮ್ಮನ್ನು ಕೈಹಿಡಿದು ಕರೆದೊಯ್ಯುವುದು ರಾಜಕುಮಾರಿಯೂ ಅಲ್ಲ, ವೀರನೂ ಅಲ್ಲ. ಒಂದು ಪುಕ್ಕಲು ರೋಬೋ, ಇನ್ನೊಂದು ಹಟಮಾರಿ ರೋಬೋ, ಮರಳುಗಾಡಿನಲ್ಲಿ ಕಿತ್ತಾಡುತ್ತಾ ಹೋಗುವ ಜೋಡಿ. ಜಪಾನಿನ ಅಕಿರಾ ಕುರೊಸಾವ ಅವರ 1958ರ ‘ದ ಹಿಡನ್ ಫೋರ್ಟ್ರೆಸ್’ ಚಿತ್ರದಲ್ಲಿ ಇಬ್ಬರು ಬಡ ರೈತರು ಹೀಗೆಯೇ ಜಗಳವಾಡುತ್ತಾ ದೊಡ್ಡವರ ಯುದ್ಧದೊಳಗೆ ಸಿಕ್ಕಿಬೀಳುತ್ತಾರೆ. ಈ ಉಪಾಯವನ್ನು ತಾವು ಅಲ್ಲಿಂದ ಪಡೆದದ್ದು ಎಂದು ಜಾರ್ಜ್ ಲ್ಯೂಕಸ್ ಅವರೇ ಒಪ್ಪಿಕೊಂಡಿದ್ದಾರೆ. ಅಂದರೆ ಈ ಕಥೆಯ ಬಾಗಿಲಲ್ಲಿ ಮೊದಲ ದಿನದಿಂದಲೂ ನಿಂತಿದ್ದವನು ಹಾಸ್ಯಗಾರನೇ.

ನಮ್ಮ ತೆಂಕುತಿಟ್ಟಿನ ರಂಗಸ್ಥಳದಲ್ಲೂ ಇದೇ ಕ್ರಮ. ದೂತನಾಗಿ ಸುದ್ದಿ ತರುವವನು, ಬ್ರಾಹ್ಮಣನಾಗಿ ದಾರಿ ತೋರಿಸುವವನು, ಮಂಥರೆಯಾಗಿ ಇಡೀ ರಾಮಾಯಣವನ್ನೇ ಕಾಡಿಗೆ ಅಟ್ಟುವವನು ಹಾಸ್ಯಗಾರ. ಈ ಭಾಗದ ಹಿರಿಯ ಹಾಸ್ಯಗಾರರ ಹೆಸರು ನೋಡಿ: ಮಿಜಾರು ಅಣ್ಣಪ್ಪ, ವಿಟ್ಲ ಜೋಷಿ, ಬಂಟ್ವಾಳ ಜಯರಾಮ ಆಚಾರ್ಯ. ಹೆಸರಿನಲ್ಲೇ ಮೂಡುಬಿದಿರೆಯ ಆಸುಪಾಸು, ಬಂಟ್ವಾಳದ ಆಸುಪಾಸು ಇದೆ. ಇವರಿಗೆ ಇದ್ದ ಗೌರವ ಕಿರೀಟವೇಷದವರಿಗಿಂತ ಕಡಿಮೆಯದಾಗಿರಲಿಲ್ಲ. ಕಾರಣ ಸರಳ. ರಾಜವೇಷದವನಿಗೆ ತನ್ನ ಪಾತ್ರ ಗೊತ್ತಿದ್ದರೆ ಒಂದು ರಾತ್ರಿ ಸಾಗುತ್ತದೆ. ಬಾಯಿಪಾಠದ ಮಾತಿಲ್ಲದೆ ಆಶುವಾಗಿ ನಗಿಸಬೇಕಾದ ಹಾಸ್ಯಗಾರನಿಗೆ ಇಡೀ ಪ್ರಸಂಗ ಗೊತ್ತಿರಬೇಕು, ಎಲ್ಲಿ ನಗಿಸಬಾರದು ಎಂಬುದೂ ಗೊತ್ತಿರಬೇಕು.

ನಳದಮಯಂತಿ ಪ್ರಸಂಗದ ಬಾಹುಕ ಇದಕ್ಕೆ ಒಳ್ಳೆಯ ಸಾಕ್ಷಿ. ಬಾಹುಕ ಎಂದರೆ ರೂಪ ಕಳೆದುಕೊಂಡ ನಳ ಮಹಾರಾಜ. ರಾಜ್ಯ ಹೋಗಿದೆ, ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು ಬಂದ ಪಾಪಪ್ರಜ್ಞೆ ಸುಡುತ್ತಿದೆ. ಆದರೂ ಆ ವೇಷವನ್ನು ಮಾಡುವುದು ಹಾಸ್ಯಗಾರ. ಅವನು ಕುದುರೆ ಓಡಿಸುತ್ತಾ ನಗಿಸುತ್ತಾನೆ, ನಗುತ್ತಿರುವಾಗಲೇ ನಮಗೆ ಅವನ ಒಳಗಿನ ನಳ ಕಾಣಿಸುತ್ತಾನೆ. ಈ ಪಾತ್ರವನ್ನು ಹಾಸ್ಯಗಾರನಿಗೆ ಕೊಟ್ಟ ನಮ್ಮ ಹಿರಿಯರು, ಹಾಸ್ಯಗಾರ ಗಂಭೀರವಾದದ್ದನ್ನು ಹೊರಬಲ್ಲನೇ ಎಂದು ಅನುಮಾನ ಪಟ್ಟವರಲ್ಲ.

ಈಗ ಸಿನಿಮಾಕ್ಕೆ ಬರೋಣ. ಹಾಸ್ಯದ ನಿರ್ದೇಶಕ ವೈಜ್ಞಾನಿಕ ಕಥೆ ಮಾಡಿದ ಉದಾಹರಣೆ ನಮ್ಮಲ್ಲೇ ಇದೆ. ಡಾ. ರಾಜ್‌ಕುಮಾರ್ ಅವರ ‘ಹಾಲು ಜೇನು’, ‘ಶ್ರಾವಣ ಬಂತು’ ಚಿತ್ರಗಳನ್ನು ನಿರ್ದೇಶಿಸಿದ ಸಿಂಗೀತಂ ಶ್ರೀನಿವಾಸ ರಾವ್ 1987ರಲ್ಲಿ ಶೃಂಗಾರ್ ನಾಗರಾಜ್ ಜೊತೆ ಸೇರಿ ‘ಪುಷ್ಪಕ ವಿಮಾನ’ ನಿರ್ಮಿಸಿದರು. ಬೆಂಗಳೂರಿನಲ್ಲಿ ಚಿತ್ರೀಕರಿಸಿದ, ಮಾತೇ ಇಲ್ಲದ ಹಾಸ್ಯಚಿತ್ರ ಅದು. ನಾಯಕ ಕೆಲಸವಿಲ್ಲದ ಪದವೀಧರ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ನಾಲ್ಕು ವರ್ಷಗಳ ನಂತರ, 1991ರಲ್ಲಿ, ಅದೇ ಸಿಂಗೀತಂ ತೆಲುಗಿನಲ್ಲಿ ‘ಆದಿತ್ಯ 369’ ಮಾಡಿದರು. ಕಾಲಯಂತ್ರ ಹತ್ತಿದ ನಾಯಕ ಕೃಷ್ಣದೇವರಾಯನ ವಿಜಯನಗರಕ್ಕೂ ಹೋಗುತ್ತಾನೆ, ಮುಂದಿನ ಶತಮಾನಗಳಿಗೂ ಹೋಗುತ್ತಾನೆ. ಆ ಆಸ್ಥಾನದಲ್ಲಿ ತೆನಾಲಿ ರಾಮಕೃಷ್ಣನೂ ಇದ್ದಾನೆ. ಕಂಪ್ಯೂಟರ್ ಗ್ರಾಫಿಕ್ಸ್ ಕೈಗೆಟುಕದ ಕಾಲದಲ್ಲಿ ಪ್ರೇಕ್ಷಕ ಆ ಯಂತ್ರವನ್ನು ನಂಬಿದ್ದು ಹೇಗೆ? ಹಾಸ್ಯದಿಂದ ಎಂಬುದು ನನ್ನ ಉತ್ತರ. ತೆರೆಯ ಮೇಲಿನ ಮನುಷ್ಯ ನಮ್ಮ ಹಾಗೆಯೇ ಗಾಬರಿಬಿದ್ದು ಎಡವಿದರೆ, ಅವನು ಕೂತ ಯಂತ್ರವನ್ನೂ ನಾವು ನಂಬಿಬಿಡುತ್ತೇವೆ.

ಸಾಹಿತ್ಯದಲ್ಲಿ ಇದನ್ನು ಮಾಡಿದವರು ನಮ್ಮ ಘಾಟಿಯ ಮೇಲೆಯೇ ಇದ್ದರು. ಚಾರ್ಮಾಡಿಯಿಂದ ಬಸ್ಸು ಹತ್ತಿ ತಿರುವುಗಳನ್ನು ದಾಟಿದರೆ ಕೊಟ್ಟಿಗೆಹಾರ, ಮುಂದೆ ಮೂಡಿಗೆರೆ. ಅಲ್ಲಿದ್ದ ಪೂರ್ಣಚಂದ್ರ ತೇಜಸ್ವಿ 1980ರಲ್ಲಿ ‘ಕರ್ವಾಲೋ’ ಪ್ರಕಟಿಸಿದರು. ವಿಷಯ ಜೀವವಿಕಾಸ, ಹುಡುಕಾಟ ಒಂದು ಹಾರುವ ಓತಿಗೆ. ಅದನ್ನು ಹುಡುಕಲು ಹೊರಡುವ ತಂಡದಲ್ಲಿ ವಿಜ್ಞಾನಿಯ ಜೊತೆ ಮಂದಣ್ಣ, ಬಿರಿಯಾನಿ ಕರಿಯಪ್ಪ, ಎಂಗ್ಟ ಮತ್ತು ಕಿವಿ ಎಂಬ ನಾಯಿ. ಪುಟಪುಟಕ್ಕೂ ನಗುತ್ತಾ ಓದುತ್ತೇವೆ. ಕೊನೆಗೆ ಆ ಓತಿ ಕಣಿವೆಗೆ ಹಾರಿಹೋದಾಗ ಯಾರೂ ನಗುವುದಿಲ್ಲ. ಕೋಟ್ಯಂತರ ವರ್ಷಗಳ ಕಾಲ ನಮ್ಮೆದುರು ಒಮ್ಮೆ ಸುಳಿದು ಮಾಯವಾದಂತೆ ಅನಿಸುತ್ತದೆ. ಅಷ್ಟು ಹೊತ್ತು ನಗಿಸಿದ್ದರಿಂದಲೇ ಆ ಮೌನ ಅಷ್ಟು ದೊಡ್ಡದಾಗಿ ಕೇಳಿಸುತ್ತದೆ.

ಇತ್ತೀಚಿನ ಕನ್ನಡ ಚಿತ್ರಗಳೂ ಇದನ್ನೇ ಹೇಳುತ್ತವೆ. 1992ರಲ್ಲಿ ‘ತರ್ಲೆ ನನ್ಮಗ’ ಮಾಡಿದ ಉಪೇಂದ್ರ 1995ರಲ್ಲಿ ‘ಓಂ’ ಕೊಟ್ಟರು. 2017ರಲ್ಲಿ ಬೋಳುತಲೆಯ ಕನ್ನಡ ಮೇಷ್ಟ್ರ ಕಥೆ ಹೇಳಿ ನಗಿಸಿದ ರಾಜ್ ಬಿ. ಶೆಟ್ಟಿ 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಅದೇ ಮಂಗಳೂರಿನ ಬೀದಿಗಳನ್ನು ಭಯದಿಂದ ತುಂಬಿದರು. ‘ಕಿರಿಕ್ ಪಾರ್ಟಿ’ಯ ಕಾಲೇಜು ತುಂಟಾಟದ ನಿರ್ದೇಶಕ ರಿಷಬ್ ಶೆಟ್ಟಿ, ಕಾಸರಗೋಡಿನ ಕನ್ನಡ ಶಾಲೆ ಮುಚ್ಚುವ ನೋವನ್ನು 2018ರಲ್ಲಿ ಹಾಸ್ಯದಲ್ಲೇ ಹೇಳಿ ರಾಷ್ಟ್ರಪ್ರಶಸ್ತಿ ಪಡೆದರು, 2022ರಲ್ಲಿ ‘ಕಾಂತಾರ’ ಮಾಡಿದರು. ‘ಕಾಂತಾರ’ದ ಮುಕ್ಕಾಲು ಭಾಗ ಗೆಳೆಯರ ಕೀಟಲೆ, ಅಮ್ಮನ ಬೈಗುಳ, ಬೇಟೆಯ ಹುಡುಗಾಟ. ಆದರೆ ಕೊನೆಯ ಭಾಗದಲ್ಲಿ ಒಂದೇ ಒಂದು ಜೋಕ್ ಇಲ್ಲ. 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡ್ ಅವರ ‘ಸು ಫ್ರಮ್ ಸೋ’ ಕೂಡ ಹಾಗೆ. ದೆವ್ವದ ನಾಟಕ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರು, ಅದರ ಹಿಂದೆ ಒಬ್ಬ ಹೆಣ್ಣುಮಗಳ ನಿಜವಾದ ಸಂಕಟ ಕಂಡಾಗ ಸುಮ್ಮನಾದರು.

ಹಾಗಾದರೆ ಹಾಸ್ಯ ಎಲ್ಲಿ ಕೆಡುತ್ತದೆ? ಎರಡು ಸಂಗತಿ ನನಗೆ ಮುಖ್ಯ ಅನಿಸುತ್ತವೆ.

ಮೊದಲನೆಯದು, ನಗು ಒಳಗಿನದೋ ಹೊರಗಿನದೋ ಎಂಬುದು. 2025ರ ನವೆಂಬರ್‌ನಲ್ಲಿ ಗೋವಾ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿಯ ನಟರೊಬ್ಬರು ‘ಕಾಂತಾರ’ದ ದೈವದ ಆವೇಶವನ್ನು ಅಣಕಿಸಿದರು, ಕರಾವಳಿಯಲ್ಲಿ ಸಿಟ್ಟೆದ್ದಿತು, ಅವರು ಕ್ಷಮೆ ಕೇಳಿದರು. ಅದೇ ಕರಾವಳಿ ‘ಕಾಂತಾರ’ದ ಹಾಸ್ಯಕ್ಕೆ ಚಪ್ಪಾಳೆ ಹೊಡೆದಿತ್ತು. ಒಂದು ಕಡೆ ನಂಬಿದವರು ತಮ್ಮ ಮನೆಯೊಳಗೆ ನಗುತ್ತಿದ್ದರು, ಇನ್ನೊಂದು ಕಡೆ ಹೊರಗಿನವನೊಬ್ಬ ಮನೆಯ ಮೇಲೆಯೇ ನಗುತ್ತಿದ್ದ. ವೈಟಿಟಿ ಎಲ್ಲಿ ನಿಂತಿದ್ದಾರೆ? 2019ರ ಡಿಸೆಂಬರ್‌ನಲ್ಲಿ ಬಂದ ‘ದ ಮ್ಯಾಂಡಲೋರಿಯನ್’ ಸರಣಿಯ ಮೊದಲ ಸೀಸನ್ನಿನ ಕೊನೆಯ ಕಂತನ್ನು ಅವರೇ ನಿರ್ದೇಶಿಸಿದ್ದಾರೆ. ಅದು ಶುರುವಾಗುವುದು ಇಬ್ಬರು ಸೈನಿಕರ ಪೆದ್ದು ಹರಟೆಯಿಂದ, ಗುರಿಯಿಟ್ಟು ಹೊಡೆದರೂ ಒಂದು ಡಬ್ಬಿಗೂ ತಾಗುವುದಿಲ್ಲ. ಅದೇ ಕಂತಿನ ಕೊನೆಗೆ ಒಂದು ರೋಬೋ ತನ್ನವರನ್ನು ಉಳಿಸಲು ತನ್ನನ್ನೇ ಸ್ಫೋಟಿಸಿಕೊಳ್ಳುತ್ತದೆ. ಆ ರೋಬೋಗೆ ಧ್ವನಿ ಕೊಟ್ಟವರೂ ವೈಟಿಟಿ. ನಗು, ಸಾವು ಎರಡಕ್ಕೂ ಒಂದೇ ಕಂತಿನಲ್ಲಿ ಜಾಗ ಸಿಕ್ಕಿತ್ತು.

ಎರಡನೆಯದು ಭಾಗವತರ ವಿಷಯ. ಹಾಸ್ಯಗಾರನ ಮಾತು ಉದ್ದವಾಯಿತು ಅನಿಸಿದರೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ, ಚೆಂಡೆ ಬೀಳುತ್ತದೆ, ಕಥೆ ಮುಂದೆ ಹೋಗುತ್ತದೆ. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಹಾಲಿವುಡ್‌ನಲ್ಲಿ ಈ ಹದ ತಪ್ಪಿದ್ದುಂಟು. ‘ಸೋಲೊ’ ಚಿತ್ರಕ್ಕೆ ಹಾಸ್ಯಕ್ಕೆ ಹೆಸರಾದ ಫಿಲ್ ಲಾರ್ಡ್, ಕ್ರಿಸ್ ಮಿಲ್ಲರ್ ಜೋಡಿಯನ್ನು ಕರೆತಂದು, 2017ರ ಜೂನ್‌ನಲ್ಲಿ ಚಿತ್ರೀಕರಣದ ನಡುವೆಯೇ ತೆಗೆದುಹಾಕಿ, ರಾನ್ ಹೊವಾರ್ಡ್ ಅವರನ್ನು ಕೂರಿಸಿದರು. ಚಿತ್ರ ನಿರೀಕ್ಷಿಸಿದಷ್ಟು ಗಳಿಸಲಿಲ್ಲ. ಆಶುಹಾಸ್ಯದವರನ್ನು ಕರೆದು, ಬರೆದದ್ದನ್ನೇ ಓದಿ ಎಂದರೆ ಇನ್ನೇನಾದೀತು? ‘ಲವ್ ಆ್ಯಂಡ್ ಥಂಡರ್’ನಲ್ಲಿ ಆದದ್ದು ಇದರ ತಿರುವುಮುರುವು, ಅಲ್ಲಿ ಪದ ಎತ್ತುವ ಭಾಗವತರೇ ಇರಲಿಲ್ಲ ಅನಿಸುತ್ತದೆ. ಹೀಗಾಗಿ 2020ರ ಪ್ರಕಟಣೆಯಲ್ಲಿ ನನಗೆ ಭರವಸೆ ಕೊಟ್ಟ ಹೆಸರು ಸಹಲೇಖಕಿಯದು. ವೈಟಿಟಿ ಜೊತೆ ಬರೆಯಲಿದ್ದ ಕ್ರಿಸ್ಟಿ ವಿಲ್ಸನ್-ಕೇರ್ನ್ಸ್, ಮೊದಲ ಮಹಾಯುದ್ಧದ ‘1917’ ಚಿತ್ರದ ಸಹಲೇಖಕಿ.

ಇದು ನಮ್ಮ ಪ್ರಶ್ನೆಯೂ ಹೌದು ಎಂದೆನಲ್ಲ, ಅದಕ್ಕೆ ಬರುತ್ತೇನೆ. ಕಳೆದ ವರ್ಷ ಒಂದು ಸಂದರ್ಶನಕ್ಕೆ ಹೋಗಿದ್ದೆ. ನನ್ನ ಬಯೋಡೇಟಾದಲ್ಲಿ ಕಾಲೇಜಿನ ಪ್ರಹಸನಗಳಿಗೆ ಬಂದ ಬಹುಮಾನಗಳ ಸಾಲಿತ್ತು. ಅದನ್ನು ನೋಡಿದವರು ನಕ್ಕು, “ಕಾಮಿಡಿ ಮಾಡುವವರು ಲೆಕ್ಕಪತ್ರ ನೋಡ್ತೀರಾ?” ಎಂದರು. ನನ್ನ ಅಂಕಪಟ್ಟಿ ಅವರ ಕೈಯಲ್ಲೇ ಇತ್ತು, ಪುಟ ತಿರುಗಿಸಲಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಗೆ ಇಂಥದ್ದು ಬೇರೆ ರೂಪದಲ್ಲಿ ಆಗಿರುತ್ತದೆ. ಕನ್ನಡ ಮಾಧ್ಯಮದವನಿಗೆ ಕ್ಲೈಂಟ್ ಜೊತೆ ಮಾತಾಡಲು ಬರುತ್ತದಾ, ಕಲಾ ವಿಭಾಗದವಳಿಗೆ ಡೇಟಾ ಅರ್ಥವಾಗುತ್ತದಾ, ಇತ್ಯಾದಿ. ಹಿಂದೆ ಮಾಡಿದ್ದನ್ನು ನೋಡಿ ಮುಂದಿನದನ್ನು ಅಳೆಯುವುದು ತಪ್ಪಲ್ಲ, ಕೆಲಸ ಕೊಡುವವರಿಗೆ ಬೇರೆ ದಾರಿ ಏನಿದೆ? ಆದರೆ ಅಳೆಯಬೇಕಾದದ್ದು ಕೌಶಲವನ್ನು. ‘ತರ್ಲೆ ನನ್ಮಗ’ದಲ್ಲಿ ನಗು ಮಾತ್ರ ಕಂಡವರಿಗೆ ‘ಓಂ’ ಆಶ್ಚರ್ಯ, ಕಥೆ ಕಟ್ಟುವ ಕೈ ಕಂಡವರಿಗೆ ಅಲ್ಲ. ನಗಿಸಲು ಬೇಕಾದ ಸಮಯಪ್ರಜ್ಞೆ, ಎದುರಿನವರ ಮನಸ್ಸು ಓದುವ ಶಕ್ತಿ, ಕ್ಷಣದಲ್ಲಿ ನಿರ್ಧರಿಸುವ ಧೈರ್ಯ ಯಾವ ಗಂಭೀರ ಕೆಲಸಕ್ಕೆ ಬೇಡ?

ದೊಡ್ಡ ಕಂಪನಿಗಳಿಗೆ ಹೆದರಿಕೆ ಯಾಕೆ ಎಂಬುದೂ ಅರ್ಥವಾಗುತ್ತದೆ. ‘ಕಾಂತಾರ’ದ ಮೊದಲ ಚಿತ್ರಕ್ಕೆ ತಗುಲಿದ್ದು ಸುಮಾರು 16 ಕೋಟಿ ರೂಪಾಯಿ. ಹಾಲಿವುಡ್‌ನ ಇಂಥ ಚಿತ್ರಗಳಿಗೆ 20 ಕೋಟಿ ಡಾಲರ್ ದಾಟುವುದು ಮಾಮೂಲು. ಹಣ ಹೆಚ್ಚಾದಷ್ಟೂ ಗೊತ್ತಿರುವ ದಾರಿಯಲ್ಲೇ ನಡೆಯುವ ಆಸೆ ಹೆಚ್ಚುತ್ತದೆ. ಅಭಿಮಾನಿಗಳೂ ಹಾಗೆ, ಹತ್ತು ವರ್ಷದವರಿದ್ದಾಗ ಕಂಡದ್ದೇ ಮತ್ತೆ ಕಾಣಬೇಕು ಎಂದು ಬಯಸುತ್ತಾರೆ. ಆದರೆ ಪ್ರತಿ ರಾತ್ರಿ ಅದೇ ಪ್ರಸಂಗವನ್ನು ಹೊಸ ಮಾತಿನಲ್ಲಿ ಆಡಿದ್ದರಿಂದಲೇ ನಮ್ಮ ಆಟ ಇಷ್ಟು ಕಾಲ ಬದುಕಿದೆ. ಪ್ರಸಂಗ ಬದಲಾಗದೆ ಮಾತು ಬದಲಾಗಬೇಕು, ಅಷ್ಟೇ.

ಆದ್ದರಿಂದ ನನ್ನ ಉತ್ತರ ಹೌದು. ವೈಟಿಟಿಗೆ ‘ಸ್ಟಾರ್ ವಾರ್ಸ್’ ಕೊಡಬಹುದು. ಆದರೆ ಅವರಿಗೆ ಪ್ರಸಂಗ ಪೂರ್ತಿ ಗೊತ್ತಿರಬೇಕು, ನಗು ಆ ಲೋಕದ ಒಳಗಿನಿಂದ ಬರಬೇಕು, ಪದ ಎತ್ತಬೇಕಾದಾಗ ಎತ್ತುವವರೊಬ್ಬರು ಪಕ್ಕದಲ್ಲಿರಬೇಕು. ಮುಂದೆಂದಾದರೂ ಆ ಚಿತ್ರ ಬಂದರೆ ಎಷ್ಟು ಸಲ ನಕ್ಕಿರಿ ಎಂದು ಎಣಿಸಬೇಡಿ. ಖಳನಾಯಕ ತೆರೆಗೆ ಬಂದಾಗ ನಿಮ್ಮ ನಗು ನಿಂತಿತೇ ಎಂದು ನೋಡಿ. ನಿಂತರೆ ನಿರ್ದೇಶಕ ಗೆದ್ದ ಎಂದೇ ಲೆಕ್ಕ.