ಬೆನ್ನ ಹಿಂದಿನ ಮನೆಗೆ ಮೂಗುದಾರ

ಅಮೆರಿಕದ ವ್ಯೋಮಿಂಗ್ ರಾಜ್ಯದಲ್ಲಿ ಲಾರಮಿಯಿಂದ ರಾಲಿನ್ಸ್ ಕಡೆಗೆ ಸಾಗುವ 80ನೇ ಅಂತರರಾಜ್ಯ ಹೆದ್ದಾರಿ ಗಾಳಿಗೆ ಹೆಸರುವಾಸಿ. ಎಲ್ಕ್ ಮೌಂಟನ್ ಆಸುಪಾಸಿನಲ್ಲಿ ಗಾಳಿ ಅತಿಯಾದರೆ ಎತ್ತರವಿದ್ದೂ ಹಗುರವಾದ ವಾಹನಗಳಿಗೆ ಅಲ್ಲಿ ರಸ್ತೆಯನ್ನೇ ಮುಚ್ಚುವುದುಂಟು. ಅಂಥ ದಾರಿಯಲ್ಲಿ ಕಾರಿನ ಬೆನ್ನಿಗೊಂದು ಮನೆ ಕಟ್ಟಿಕೊಂಡು ಸಂಸಾರವೊಂದು ರಜೆಗೆ ಹೊರಟಿದೆ ಎನ್ನಿ. ಹಾಸಿಗೆ, ಅಡುಗೆ ಒಲೆ, ಫ್ರಿಜ್, ನೀರಿನ ತೊಟ್ಟಿ ಎಲ್ಲವೂ ಇರುವ ಪ್ರವಾಸಿ ಟ್ರೇಲರ್ ಅದು. ಪಕ್ಕದಲ್ಲಿ ದೊಡ್ಡ ಲಾರಿಯೊಂದು ಮುನ್ನುಗ್ಗುತ್ತದೆ. ಅದರ ಮೂತಿಯ ಗಾಳಿ ಟ್ರೇಲರಿನ ಹಿಂಭಾಗವನ್ನು ಆಚೆಗೆ ತಳ್ಳುತ್ತದೆ. ಟ್ರೇಲರ್ ಮರಳಿ ಈಚೆಗೆ ಬರುತ್ತದೆ, ಮತ್ತೆ ಆಚೆಗೆ ಹೋಗುತ್ತದೆ. ಎರಡು ಮೂರು ಸಲದಲ್ಲಿ ಓಲಾಟ ಅಡಗಿದರೆ ಸರಿ. ಅಡಗದೆ ಸಲದಿಂದ ಸಲಕ್ಕೆ ಹೆಚ್ಚಿದರೆ ಹಿಂದಿನ ಮನೆ ಮುಂದಿನ ಕಾರನ್ನೇ ತಿರುಗಿಸಿ ಮಗುಚಿಬಿಡುತ್ತದೆ. ಇದಕ್ಕೆ ಕೆಲವೇ ಕ್ಷಣ ಸಾಕು.

ಓಲಾಟ ಹುಟ್ಟುವುದು ಗಾಳಿಯಿಂದಲೇ ಇರಬಹುದು. ಆದರೆ ಅದು ಬೆಳೆಯುವುದು ಎರಡು ಕಾರಣಗಳಿಂದ: ವೇಗ ಮತ್ತು ಹೇರಿದ ಭಾರ. ನಿಧಾನವಾಗಿ ಹೋಗುವಾಗ ಟೈರುಗಳ ಹಿಡಿತ ಪ್ರತಿಯೊಂದು ತೂಗಾಟವನ್ನೂ ತಗ್ಗಿಸುತ್ತದೆ. ವೇಗ ಹೆಚ್ಚಿದಷ್ಟೂ ಆ ತಗ್ಗಿಸುವ ಶಕ್ತಿ ಕುಂದುತ್ತದೆ. ಒಂದು ಮಿತಿ ದಾಟಿದರೆ ಸಣ್ಣ ತೂಗಾಟವೂ ತಾನೇ ತಾನಾಗಿ ದೊಡ್ಡದಾಗುತ್ತದೆ. ಆ ಮಿತಿ ಎಷ್ಟೆಂಬುದನ್ನು ನಿರ್ಧರಿಸುವುದರಲ್ಲಿ ಸಾಮಾನು ಜೋಡಿಸಿದ ಕೈಯ ಪಾಲು ದೊಡ್ಡದು.

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕತ್ತು ನೋಯುತ್ತದೆ. ಪ್ರವಾಸಿ ಟ್ರೇಲರ್ ಕೂಡ ಅಚ್ಚು ನಡುವಿನಲ್ಲಿರುವ ಗಾಡಿಯೇ. ಅದರ ಮೂಕಿ ಕಾರಿನ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಆ ಗುಂಡಿನ ಮೇಲೆ ಬೀಳಬೇಕೆಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ಲೆಕ್ಕ. ಅಂದರೆ 2500 ಕಿಲೋ ತೂಗುವ ಟ್ರೇಲರಿಗೆ 250ರಿಂದ 375 ಕಿಲೋ. ಕಾರು ಅಷ್ಟು ಭಾರ ತಾಳುವಂಥದ್ದೂ ಆಗಿರಬೇಕು.

ಅಚ್ಚಿಗೂ ಗುಂಡಿಗೂ ನಾಲ್ಕೂವರೆ ಮೀಟರ್ ಅಂತರವಿದೆ ಎಂದುಕೊಳ್ಳೋಣ. ಅಚ್ಚಿನಿಂದ ಎರಡೂವರೆ ಮೀಟರ್ ಹಿಂದಿದ್ದ 50 ಕಿಲೋ ಸಾಮಾನನ್ನು ಅಚ್ಚಿನಿಂದ ಎರಡು ಮೀಟರ್ ಮುಂದಕ್ಕೆ ತಂದಿಟ್ಟರೆ ಗುಂಡಿನ ಮೇಲಿನ ಭಾರ ಪೂರಾ 50 ಕಿಲೋ ಹೆಚ್ಚುತ್ತದೆ. ಹಿಂಬದಿಗೆ ಎರಡು ಸೈಕಲ್ ನೇತುಹಾಕಿದರೆ ಏನಾಗುತ್ತದೆ ಎಂಬುದನ್ನು ಇದರಿಂದಲೇ ಊಹಿಸಬಹುದು. ಹಾಗೆಂದು ಎರಡೂ ತುದಿಗೆ ಸಮನಾಗಿ ಹೇರಿದರೂ ಕೆಡುಕೇ. ತುದಿಗಳಲ್ಲಿ ಭಾರವಿದ್ದ ಬಂಡಿ ಒಮ್ಮೆ ತಿರುಗತೊಡಗಿದರೆ ನಿಲ್ಲಿಸುವುದು ಕಷ್ಟ. ಭಾರದ ವಸ್ತುಗಳು ಅಚ್ಚಿನ ಹತ್ತಿರ, ತುಸು ಮುಂದಕ್ಕೆ, ನೆಲಮಟ್ಟದಲ್ಲಿರಬೇಕು. ನೀರಿನ ತೊಟ್ಟಿಯನ್ನೂ ಮರೆಯುವಂತಿಲ್ಲ. 150 ಲೀಟರ್ ನೀರೆಂದರೆ 150 ಕಿಲೋ.

ಗುಂಡಿನ ಮೇಲೆ ಇಷ್ಟು ಭಾರ ಬಿದ್ದಾಗ ಕಾರಿನ ಹಿಂಭಾಗ ಕುಸಿದು ಮೂತಿ ಏಳುತ್ತದೆ. ಮುಂದಿನ ಚಕ್ರಗಳು ಹಗುರವಾಗಿ ಸ್ಟಿಯರಿಂಗ್ ಸಡಿಲವೆನಿಸುತ್ತದೆ. ಇದಕ್ಕಾಗಿಯೇ ಭಾರ ಹಂಚುವ ಕೊಂಡಿ ಇದೆ. ಅದರ ಎರಡು ಸ್ಪ್ರಿಂಗ್ ಸಲಾಕೆಗಳು ಭಾರದ ಒಂದು ಪಾಲನ್ನು ಕಾರಿನ ಮುಂದಿನ ಅಚ್ಚಿಗೆ ಸಾಗಿಸುತ್ತವೆ. ಹೊಂದಿಸಲು ಬೇಕಾದದ್ದು ಸಮತಟ್ಟಾದ ನೆಲ ಮತ್ತು ಒಂದು ಟೇಪು. ಟ್ರೇಲರ್ ಇಲ್ಲದಾಗ ಮುಂಚಕ್ರದ ಮೇಲಿನ ಕಮಾನು ನೆಲದಿಂದ 88 ಸೆಂಟಿಮೀಟರ್ ಇತ್ತೆನ್ನಿ. ಟ್ರೇಲರ್ ಹೂಡಿದಾಗ 92 ಆಯಿತು. ಸಲಾಕೆ ಬಿಗಿದ ಮೇಲೆ ಅದು ಕನಿಷ್ಠ 90ಕ್ಕಾದರೂ ಇಳಿಯಬೇಕು. ಇನ್ನೂ ಎಷ್ಟು ಇಳಿಯಬೇಕೆಂಬುದಕ್ಕೆ ಕಾರಿನ ಕೈಪಿಡಿಯೇ ಪ್ರಮಾಣ. ಆದರೆ 88ಕ್ಕಿಂತ ಕೆಳಗೆ ಹೋದರೆ ಹಿಂದಿನ ಚಕ್ರಗಳ ಹಿಡಿತ ತಪ್ಪೀತು. ಸರಪಳಿಯ ಕೊಂಡಿಗಳನ್ನು ಹೆಚ್ಚು ಕಡಿಮೆ ಮಾಡಿ ಇದನ್ನು ಸರಿಪಡಿಸುತ್ತಾರೆ. ಟ್ರೇಲರ್ ಸಮಮಟ್ಟದಲ್ಲಿ ಅಥವಾ ಒಂದಿಷ್ಟು ಮೂತಿ ಬಗ್ಗಿಸಿ ನಿಲ್ಲಬೇಕು, ಮೂತಿ ಎತ್ತಿ ನಿಲ್ಲಬಾರದು.

ಇಷ್ಟಾದ ಮೇಲೆ ಓಲಾಟ ತಡೆಯುವ ಸಾಧನದ ಸರದಿ. ಅದರಲ್ಲಿ ಸರಳವಾದದ್ದು ಘರ್ಷಣೆಯ ಪಟ್ಟಿ. ಮೂಕಿಯ ಒಂದು ಮಗ್ಗುಲಿಗೆ, ಸಾಮಾನ್ಯವಾಗಿ ದೊಡ್ಡ ಗುಂಡಿನಿಂದ 24 ಅಂಗುಲ ಹಿಂದಕ್ಕೆ, ಸಣ್ಣ ಗುಂಡೊಂದನ್ನು ಕೂರಿಸುತ್ತಾರೆ. ಕಾರಿನ ಕಡೆಗೆ ಇನ್ನೊಂದು ಸಣ್ಣ ಗುಂಡು. ನಡುವೆ ಜಾರುವ ಉಕ್ಕಿನ ಪಟ್ಟಿಯನ್ನು ಬ್ರೇಕ್ ಲೈನಿಂಗ್‌ನಂಥ ಬಿಲ್ಲೆಗಳು ಅಮುಕಿ ಹಿಡಿಯುತ್ತವೆ. ಟ್ರೇಲರ್ ಅತ್ತಿತ್ತ ಹೊರಳುವಾಗ ಪಟ್ಟಿ ಉಜ್ಜಿಕೊಂಡು ಜಾರಬೇಕಾದ್ದರಿಂದ ಓಲಾಟದ ಬಲ ಸವೆಯುತ್ತದೆ. ಹಿಡಿಕೆ ಇರುವುದು ಬಿಗಿಯಲು, ಬಿಡಲು ಮಾತ್ರ. ಬಿಗುವಿನ ಪ್ರಮಾಣ ಬದಲಿಸಲು ಬೇರೆಯೇ ಬೋಲ್ಟಿದೆ. ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಬೇಕು. ಪಟ್ಟಿಗೆ ಎಣ್ಣೆ, ಗ್ರೀಸು, ಬಣ್ಣ ಯಾವುದೂ ಸೋಕಬಾರದು. ಹಿಮ್ಮುಖವಾಗಿ ತಿರುಗಿಸುವ ಮುನ್ನ ಅದನ್ನು ಕಳಚಬೇಕು, ಇಲ್ಲವಾದರೆ ಬಾಗಿ ಮುರಿಯುತ್ತದೆ. ಮಳೆ, ಹಿಮದಿಂದ ರಸ್ತೆ ಜಾರುತ್ತಿದ್ದರೆ ಸಡಿಲಿಸಬೇಕು. ಬಿಗಿದ ಕೀಲು ತಿರುವಿನಲ್ಲಿ ಕಾರು ಹೊರಳಲು ಬಿಡದೆ ನೇರಕ್ಕೇ ತಳ್ಳುವ ಅಪಾಯವಿದೆ.

ಎಲೆಕ್ಟ್ರಾನಿಕ್ ಸಾಧನಗಳೂ ಈಗ ಸಾಮಾನ್ಯ. ಓಲಾಟ ಗುರುತಿಸಿ ತಾವೇ ಬ್ರೇಕು ಹಾಕುತ್ತವೆ. ಆದರೆ ಅವು ಎಚ್ಚರಗೊಳ್ಳುವುದು ಓಲಾಟ ಶುರುವಾದ ಮೇಲೆಯೇ.

ಎಲ್ಲ ಮಾಡಿಯೂ ಟ್ರೇಲರ್ ಓಲಾಡಿದರೆ? ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಸ್ಟಿಯರಿಂಗನ್ನು ನೇರವಾಗಿ, ಸ್ಥಿರವಾಗಿ ಹಿಡಿಯಬೇಕು. ಓಲಾಟಕ್ಕೆ ತಕ್ಕಂತೆ ಅತ್ತಿತ್ತ ತಿರುಗಿಸಿದರೆ ಅದು ಇನ್ನಷ್ಟು ಹೆಚ್ಚುತ್ತದೆ. ಟ್ರೇಲರಿನ ಬ್ರೇಕಿಗೆಂದೇ ಚಾಲಕನ ಬಳಿ ಇರುವ ಕೈಸನ್ನೆಯನ್ನು ಮೆಲ್ಲಗೆ ಒತ್ತಿದರೆ ಬಂಡಿ ಹಿಂದಕ್ಕೆ ಜಗ್ಗಿ ನೆಟ್ಟಗಾಗುತ್ತದೆ. ಕಾರಿನ ಬ್ರೇಕನ್ನು ಗಕ್ಕನೆ ತುಳಿಯುವುದು, ವೇಗ ಹೆಚ್ಚಿಸಿ ಪಾರಾಗಲು ನೋಡುವುದು, ಎರಡೂ ಸಲ್ಲದು.

ಸುರಕ್ಷಿತವಾಗಿ ಬದಿಗೆ ನಿಂತ ಬಳಿಕ ಪಾನಾ ಹಿಡಿದು ಆ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿಯೋಣ ಎನ್ನಿಸುವುದು ಸಹಜ. ಆದರೆ ಹಿಂಭಾರದ ಬಂಡಿಯನ್ನು ಬೋಲ್ಟು ಕಾಯಲಾರದು. ಬಿಗಿದಷ್ಟೂ ತಪ್ಪು ಮರೆಯಾಗಿ, ಮುಂದಿನ ಇಳಿಜಾರಿನಲ್ಲಿ ಮತ್ತೂ ಹೆಚ್ಚಿನ ವೇಗದಲ್ಲಿ ಎದುರಾಗುತ್ತದೆ. ಮೊದಲು ಟ್ರೇಲರಿನ ಬಾಗಿಲು ತೆರೆದು, ಹಿಂದೆ ಏನೇನು ಪೇರಿಸಿದೆ ಎಂದು ನೋಡುವುದು ಲೇಸು.